ಹೋಗಿ ಬರ್ತೀನಿ ಎನ್ನದ ದಿನಗಳು

ನನ್ನ ಧ್ವನಿ ಹೋದದ್ದು ಜನವರಿಯ ಒಂದು ಬುಧವಾರ, ಮೂರನೇ ಪೀರಿಯಡ್‌ನಲ್ಲಿ, ಹತ್ತನೇ ತರಗತಿಯ ಮುಂದೆ. 'ರಿಟರ್ನ್' ಎಂದು ಕೂಗಲು ಹೋದೆ. 'ರಿ' ಬಂತು, ಉಳಿದದ್ದು ಬರಲಿಲ್ಲ. ಮಕ್ಕಳು ತಮ್ಮ ಪಾಲಿನ ಮಾತು ಹೇಳಲು ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಮತ್ತೊಮ್ಮೆ ಪ್ರಯತ್ನಿಸಿದೆ. ಗಂಟಲಿನಿಂದ ಬರೀ ಗಾಳಿ ಹೊರಟಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಬೇರೆ ದಿನವಾಗಿದ್ದರೆ ಆ ನಗೆಗೆ ತಕ್ಕ ಮಂಗಳಾರತಿ ಆಗುತ್ತಿತ್ತು. ಆ ದಿನ ಡಸ್ಟರ್ ಹಿಡಿದುಕೊಂಡು ಸುಮ್ಮನೆ ನಿಂತೆ.

ಬಸವಕಲ್ಯಾಣದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಟೀಚರ್. ಮನೆ ಹುಮನಾಬಾದಿನಲ್ಲಿ. ದಿನಾ ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗುವುದು, ಸಂಜೆ ಸಿಕ್ಕ ಬಸ್ಸಿಗೆ ಬರುವುದು, ಹದಿನೆಂಟು ವರ್ಷದಿಂದ ಇದೇ ನಡೆದಿದೆ. ನನ್ನ ಧ್ವನಿ ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಶಾಲೆಯ ಕಾಂಪೌಂಡಿನ ಆಚೆ ಚಹಾ ಮಾರುವವನಿಗೆ ಒಂದಕ್ಷರ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ನನ್ನ ಪಾಠಗಳೆಲ್ಲ ಅವನಿಗೆ ಬಾಯಿಪಾಠ. ಇದನ್ನು ನಾನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದೆ. ಹೆಮ್ಮೆಪಟ್ಟುಕೊಂಡ ಜಾಗಕ್ಕೇ ಪೆಟ್ಟು ಬಿತ್ತು.

ನಾನು ಪಾಠ ಮಾಡುವ ರೀತಿ ಒಂದೇ. ಅರ್ಧ ನಾನು ಕೂಗಬೇಕು, ಉಳಿದರ್ಧ ತರಗತಿ ಕೂಗಬೇಕು. ಇಂಗ್ಲಿಷಿನಲ್ಲಿ 'ಮರಳುವ' ಮಾತುಗಳಿಗೆಂದೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಚಾರ್ಟ್ ಬರೆದಿದ್ದೆ. ಏಕೆಂದರೆ ನಮ್ಮ ಮಕ್ಕಳು ಎಡವುವುದು ಅಲ್ಲೇ. ನಮ್ಮ ಕಡೆ 'ವಾಪಸ್' ಎಂಬ ಒಂದು ಮಾತಿನಲ್ಲಿ ಸಂಸಾರವೇ ಸಾಗುತ್ತದೆ. ಹುಲಸೂರಿಗೆ ಹೋದ ಬಸ್ಸು ವಾಪಸ್ ಬರುತ್ತದೆ, ಪಕ್ಕದ ಮನೆಗೆ ಪಲ್ಯ ಕಳಿಸಿದ ಡಬ್ಬಿ ವಾಪಸ್ ಬರುತ್ತದೆ, ಕೊಂಡ ಸೀರೆಯ ಬಣ್ಣ ಸೇರದಿದ್ದರೆ ಅಂಗಡಿಗೆ ವಾಪಸ್ ಹೋಗುತ್ತದೆ. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಜೊತೆಗಾರರು. ಇಲ್ಲಿಂದ ಅಲ್ಲಿಗಾದರೆ ಗೋ ಬ್ಯಾಕ್, ಅಲ್ಲಿಂದ ಇಲ್ಲಿಗಾದರೆ ಕಮ್ ಬ್ಯಾಕ್. ಪುಸ್ತಕ ಗಿವ್ ಬ್ಯಾಕ್, ಕಪಾಟಿನಲ್ಲಿ ಪುಟ್ ಬ್ಯಾಕ್. ಶಾಲೆಗೆ ರಿಟರ್ನ್ ಟು, ಹುಲಸೂರಿನಿಂದ ರಿಟರ್ನ್ ಫ್ರಮ್. ಆದರೆ ಮನೆಗೆ ಮಾತ್ರ ಬರೀ ರಿಟರ್ನ್ ಹೋಮ್, ನಡುವೆ ಏನೂ ಇಲ್ಲ. "ಮನಿಗಿ ಬರೋರಿಗಿ ಬಾಗಲದಾಗ ಯಾರೂ ಟಿಕೆಟ್ ಕೇಳೂದಿಲ್ಲ" ಎಂದು ಹೇಳಿಕೊಡುತ್ತಿದ್ದೆ. ಯಾರಾದರೂ 'ರಿಟರ್ನ್ ಬ್ಯಾಕ್' ಎಂದು ಬರೆದರೆ ಎಬ್ಬಿಸಿ ನಿಲ್ಲಿಸಿ, "ಎರಡೆರಡ ಸಲ ಯಾಕ ವಾಪಸ್ ಬರ್ತಿ? ಒಮ್ಮಿ ಬಂದರ ಸಾಲೂದಿಲ್ಲೇನು?" ಎಂದು ಒದರುತ್ತಿದ್ದೆ. ಒದರುವುದೆಂದರೆ ಬಾಯಿಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಒದರುವುದು.

ಎರಡು ದಿನ ಜ್ಯೇಷ್ಠಮಧು ಅಗಿದೆ, ಅರಿಶಿನದ ಹಾಲು ಕುಡಿದೆ, ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದೆ. ಮೂರನೇ ದಿನ ಗಂಡ ಕಿರಾಣಿ ಅಂಗಡಿಯ ಬಾಗಿಲು ಹಾಕಿ ನನ್ನನ್ನು ಕಲಬುರಗಿಗೆ ಕರೆದುಕೊಂಡು ಹೋದರು. ಗಂಟಲಿನ ಡಾಕ್ಟರು ಮೂಗಿನಿಂದ ಒಂದು ಸಣ್ಣ ನಳಿಕೆ ಇಳಿಸಿ, ಪರದೆಯ ಮೇಲೆ ನನ್ನದೇ ಗಂಟಲನ್ನು ನನಗೆ ತೋರಿಸಿದರು. ಧ್ವನಿಯ ತಂತುಗಳ ಮೇಲೆ ಎದುರುಬದುರಾಗಿ ಎರಡು ಗಂಟು, ಅಕ್ಕಿಕಾಳಿಗಿಂತ ಸಣ್ಣವು. ಇಷ್ಟು ಚಿಕ್ಕ ವಸ್ತು ನನ್ನ ಬಾಯಿ ಕಟ್ಟಿತೇ ಎಂದು ಮೊದಲು ಅವಮಾನವಾಯಿತು, ಆಮೇಲೆ ಹೆದರಿಕೆಯಾಯಿತು.

"ಎಷ್ಟ ವರ್ಷದಿಂದ ಒದರಾಕತ್ತೀರಿ ಮೇಡಂ?" ಎಂದು ಡಾಕ್ಟರು ಕೇಳಿದರು.

ನನ್ನ ಬದಲು ಗಂಡ ಹೇಳಿದರು: "ಸಾಲ್ಯಾಗ ಹದಿನೆಂಟ ವರ್ಷ ಆತ್ರಿ. ಮನ್ಯಾಗಿಂದೂ ಸೇರಿಸಿ ಹೇಳ್ಬೇಕೇನ್ರಿ?"

ಡಾಕ್ಟರು ನಕ್ಕರು. ನಾನು ನಗಲಿಲ್ಲ. ಮೂರು ವಾರ ಮಾತು ಬಂದ್ ಎಂದರು. ಅಷ್ಟರಲ್ಲಿ ಗಂಟು ಇಳಿಯದಿದ್ದರೆ ಆಪರೇಷನ್. "ಆಪರೇಷನ್ ಆದ್ರೂ ಹಳಿ ಧ್ವನಿನೇ ಬರ್ತದಂತ ಗ್ಯಾರಂಟಿ ಕೊಡಾಕ ಆಗೂದಿಲ್ರಿ" ಎಂದು ಚೀಟಿ ಬರೆಯುತ್ತಲೇ ಹೇಳಿದರು. ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ 'ವಾಯ್ಸ್ ರೆಸ್ಟ್' ಎಂದಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಆ ಎರಡು ಪದಗಳನ್ನೇ ನೋಡುತ್ತ ಕೂತೆ.

ನಮ್ಮ ಹೆಡ್‌ಮಾಸ್ಟರು ಒಳ್ಳೆಯ ಮನುಷ್ಯ. ಪರೀಕ್ಷೆ ಹತ್ತಿರವಿದ್ದುದರಿಂದ ನಾನು ರಜೆ ಹಾಕಲಿಲ್ಲ, ಅವರೂ ಒತ್ತಾಯ ಮಾಡಲಿಲ್ಲ. ಬೋರ್ಡಿನ ಮೇಲೆ ಬರೆದು, ಉತ್ತರಗಳನ್ನು ತಿದ್ದಿ ಹೇಗೋ ಸಾಗಿಸಿ ಎಂದರು. ಆಮೇಲೆ ಡ್ರಾಯರಿನಿಂದ ಒಂದು ಅರ್ಜಿಯ ಹಾಳೆ ತೆಗೆದು ನನ್ನ ಮುಂದೆ ಇಟ್ಟರು. ಹುಮನಾಬಾದಿನ ಶಿಕ್ಷಣ ಕಚೇರಿಯಲ್ಲಿ ಬರವಣಿಗೆ ಕೆಲಸಕ್ಕೆ ಒಬ್ಬರು ಬೇಕಾಗಿದ್ದಾರಂತೆ, ಪಾಠ ಮಾಡಲಾಗದ ಶಿಕ್ಷಕರನ್ನು ತೆಗೆದುಕೊಳ್ಳುತ್ತಾರಂತೆ. "ನಿಮ್ಮೂರಾಗೇ ಆಗ್ತದ್ರಿ ಮೇಡಂ, ಬಸ್ಸಿನ ತಕಲೀಫ ತಪ್ತದ. ಮುಂದಿನ ತಿಂಗಳ ಕಡೀತನಕ ವಿಚಾರ ಮಾಡ್ರಿ" ಎಂದರು.

ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಅದು ಪ್ರತಿ ಸಲ ಬಸ್ ಪಾಸ್ ತೆಗೆಯುವಾಗ ಕೈಗೆ ತಗಲುತ್ತಿತ್ತು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಕಚೇರಿ, ಫ್ಯಾನಿನ ಕೆಳಗೆ ಕುರ್ಚಿ, ಯಾರನ್ನೂ ಕೂಗಬೇಕಿಲ್ಲ. ಬೇರೆಯವರಿಗೆ ಅದು ಲಾಟರಿ. ನನಗೆ ಆ ಕುರ್ಚಿ ಬೇಡವಾಗಿತ್ತು. ತರಗತಿಯ ಮುಂದೆ ನಿಂತು ಅರ್ಧ ಮಾತು ಕೂಗಿ, ಉಳಿದರ್ಧ ಎದುರಿನಿಂದ ಬಂದು ಎದೆಗೆ ಬಡಿಯುತ್ತದಲ್ಲ, ಅದನ್ನು ಬಿಟ್ಟು ನನಗೆ ಬೇರೆ ಏನೂ ಬರುವುದಿಲ್ಲ. ಅಡುಗೆ ಕೂಡ ಅಷ್ಟಕ್ಕಷ್ಟೇ.

ಈಗ ಅತ್ತೆಯ ವಿಷಯಕ್ಕೆ ಬರಬೇಕು. ಗಂಡನ ತಾಯಿ, ನಮ್ಮ ಜೊತೆಯಲ್ಲೇ ಇದ್ದಾರೆ. ಬಲಗಿವಿ ಪೂರಾ ಹೋಗಿದೆ, ಎಡಗಿವಿ ಅರ್ಧ. ಕಿವಿಗೆ ಹಾಕುವ ಮಷೀನು ತಂದುಕೊಟ್ಟರೆ "ಗುಂಯ್ ಅಂತದ" ಎಂದು ಬಿಚ್ಚಿ ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದಾರೆ. ಉಳಿದಂತೆ ಮನೆಯ ಎಲ್ಲ ಕಾಯಿದೆಗಳು ಅವರವೇ. ಅವುಗಳಲ್ಲಿ ಮೊದಲನೆಯದು, ಹೊಸ್ತಿಲು ದಾಟುವವರು 'ಹೋಗಿ ಬರ್ತೀನಿ' ಎನ್ನದೆ ದಾಟುವಂತಿಲ್ಲ. ಇದು ನಮ್ಮ ಸೀಮೆಯಲ್ಲಿ ಎಲ್ಲರೂ ಹೇಳುವ ಮಾತೇ. ಬರೀ 'ಹೋಗ್ತೀನಿ' ಅಂದರೆ ಯಾರ ಮನೆಯಲ್ಲೂ ಮುಖ ಸಪ್ಪಗಾಗುತ್ತದೆ. ಆದರೆ ನಮ್ಮ ಮನೆಯಲ್ಲಿ ಗಿರಣಿಗೆ ಜೋಳ ಒಯ್ಯುವಾಗಲೂ ಹೇಳಬೇಕು. ಹೇಳಿದರೆ ಒಳಗಿನಿಂದ 'ಹೋಗಿ ಬಾ' ಎಂದು ಉತ್ತರ ಬರುತ್ತದೆ. ಮರೆತರೆ, ಬೀದಿಯ ತುದಿಗೆ ಹೋದವರನ್ನೂ ಕೂಗಿ ಕರೆದು ಹೇಳಿಸಿ ಕಳಿಸುತ್ತಾರೆ. ನನ್ನ ಗಂಡ ಐವತ್ತರ ಗಂಡಸು, ಅರ್ಧ ದಾರಿಯಿಂದ ಸ್ಕೂಟರ್ ತಿರುಗಿಸಿಕೊಂಡು ಬಂದು ಹೇಳಿ ಹೋದದ್ದನ್ನು ನಾನೇ ನೋಡಿದ್ದೇನೆ.

ಮೌನದ ಮೊದಲ ಬೆಳಿಗ್ಗೆ ನಾನು ಹೊಸ್ತಿಲಲ್ಲಿ ನಿಂತು ಅತ್ತೆಗೆ ಕೈ ಬೀಸಿದೆ. ಅವರು ಕಡಗೋಲು ಬಿಟ್ಟು ಎದ್ದು ಬಂದರು.

"ಬಾಯಿಲೆ ಹೇಳು."

ಗಂಡ ಅವರ ಎಡಗಿವಿಯ ಹತ್ತಿರ ಬಾಗಿ ಕೂಗಿದರು: "ಡಾಕ್ಟರ ಬ್ಯಾಡ ಅಂದಾರ ಬೇ!"

"ಡಾಕ್ಟರಗ ಏನ ಗೊತ್ತು? ಒಂದ ಮಾತಿಗಿ ಗಂಟಲ ಹರೀತದೇನು? ಹೇಳದ ಹೋಗಬ್ಯಾಡ ಯವ್ವಾ. ದಿನಾಪೂರ್ತಿ ಜೀವ ಡವಡವ ಅಂತದ ನಂದು."

ಆಗ ನನಗೆ ಒಂದು ಬುದ್ಧಿವಂತಿಕೆ ಹೊಳೆಯಿತು. ಡಾಕ್ಟರು ಬರೆದದ್ದು ವಾಯ್ಸ್ ರೆಸ್ಟ್. ಪಿಸುಮಾತಿನಲ್ಲಿ ಧ್ವನಿ ಎಲ್ಲಿದೆ? ಧ್ವನಿ ಇಲ್ಲದ ಮೇಲೆ ಅದಕ್ಕೆ ದಣಿವೆಲ್ಲಿಂದ? ಪ್ರಶ್ನೆಪತ್ರಿಕೆಯಲ್ಲಿ ಸಂದು ಹುಡುಕುವ ವಿದ್ಯಾರ್ಥಿಯ ಹಾಗೆ ಸಂದು ಹುಡುಕಿದೆ. ಅತ್ತೆಯ ಎಡಗಿವಿಗೆ ಬಾಯಿ ಹಚ್ಚಿ ಪಿಸುಗುಟ್ಟಿದೆ: "ಹೋಗಿ ಬರ್ತೀನ್ರಿ ಅತ್ತಿ." ಕೇಳಿಸಲಿಲ್ಲ. ಇನ್ನಷ್ಟು ಗಾಳಿ ದಬ್ಬಿ ಪಿಸುಗುಟ್ಟಿದೆ. ಮೂರನೇ ಸಲ ಕತ್ತಿನ ನರ ಉಬ್ಬಿದಾಗ ಅವರ ಮುಖ ಅರಳಿತು.

"ಹಾಂ. ಹೋಗಿ ಬಾ."

ಒಂದು ಸಲ ಸಂದು ಸಿಕ್ಕ ಮೇಲೆ ಅದರಲ್ಲಿ ಎಲ್ಲರೂ ತೂರಿಕೊಂಡರು. ಅತ್ತೆಗೆ ಹೇಳಿ ಪಕ್ಕದ ಮನೆಯಾಕೆಗೆ ಹೇಳದಿದ್ದರೆ ಹೇಗೆ? ಅವಳು ನಳದ ಮುಂದೆ ಕೊಡ ಹಿಡಿದು ನಿಂತೇ ಇರುತ್ತಾಳೆ. ಗಂಡನಿಗೆ, ಬಸ್ ನಿಲ್ದಾಣದಲ್ಲಿ ದಿನಾ ಸಿಗುವ ಅಂಗನವಾಡಿಯಾಕೆಗೆ, ಪ್ರತಿ ತರಗತಿಯಿಂದ ಹೊರಡುವಾಗ ಮಕ್ಕಳಿಗೆ, ಸಂಜೆ ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರಿಗೆ, ಹೆಡ್‌ಮಾಸ್ಟರಿಗೆ, ಗೇಟಿನ ಜವಾನನಿಗೆ. ಉಳಿದ ಇಡೀ ದಿನ ನಾನು ಬಾಯಿ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಕಾಲು ತುಳಿದವನನ್ನೂ ಸುಮ್ಮನೆ ಬಿಟ್ಟೆ. ನನ್ನ ಜನ್ಮದಲ್ಲಿ ಅದು ದೊಡ್ಡ ತ್ಯಾಗ. ಹೊರಡುವಾಗಿನ ಆ ಒಂದು ಮಾತನ್ನು ಮಾತೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ತರಗತಿಯಲ್ಲಿ ಬೇರೆಯೇ ಒಂದು ಸಂಕಟ ಶುರುವಾಯಿತು. ಮೊದಲ ಎರಡು ದಿನ ಮಕ್ಕಳು ನಾನು ಬೋರ್ಡಿನ ಮೇಲೆ ಬರೆದದ್ದನ್ನು ಸಪ್ಪಗೆ ಓದಿದರು. ಮೂರನೇ ದಿನ ಚಾರ್ಟ್ ನೇತುಹಾಕಿ ಕೋಲು ಹಿಡಿದು ನಿಂತಾಗ, ಹುಡುಗಿಯರ ಸಾಲು ತಾನಾಗಿಯೇ ನನ್ನ ಪಾಲಿನ ಮಾತು ಕೂಗಿತು: "ರಿಟರ್ನ್!" ಹುಡುಗರ ಸಾಲು ಕೂಗಿತು: "ಟು ಸ್ಕೂಲ್!" "ಕಮ್ ಬ್ಯಾಕ್!" "ಫ್ರಮ್ ಹುಲಸೂರ!" ಹುಡುಗಿಯರು ನನ್ನ ಏರಿಳಿತವನ್ನೂ ಬಿಟ್ಟಿರಲಿಲ್ಲ. ಮನೆಯ ಸರದಿ ಬಂದಾಗ ನಾನು ಮಾಡುವ ಹಾಗೆಯೇ ಒಂದು ಕ್ಷಣ ತಡೆದು, ಆಮೇಲೆ "ರಿಟರ್ನ್" ಎಂದರು. ಎದುರಿನಿಂದ "ಹೋಮ್!" ಎಂದು ಗುಡುಗಿತು. ಕಾಂಪೌಂಡಿನ ಆಚೆ ಚಹಾದವನೂ "ಹೋಮ್" ಅಂದಿರಬೇಕು.

ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಅದರ ಬೆನ್ನಿಗೇ ಹೆದರಿಕೆಯೂ ಆಯಿತು. ಎರಡೂ ಅರ್ಧಗಳು ಅವರ ಹತ್ತಿರವೇ ಇವೆ. ಕೋಲು ಹಿಡಿಯಲು ಯಾರಾದರೇನು? ಬ್ಯಾಗಿನಲ್ಲಿದ್ದ ಅರ್ಜಿ ನೆನಪಾಯಿತು. ಪೀರಿಯಡ್ ಮುಗಿದಾಗ ಎಂದಿನಂತೆ ಬಾಗಿಲಲ್ಲಿ ನಿಂತು ಜೋರಾಗಿ ಪಿಸುಗುಟ್ಟಿದೆ, "ನಾಳಿ ಬರ್ತೀನಿ." ಹಿಂದಿನ ಬೆಂಚಿನವರೆಗೂ ಮುಟ್ಟಲಿ ಎಂದು ಎರಡು ಸಲ.

ಇಂಗ್ಲಿಷಿನವರು ಹೋದ ಧ್ವನಿಯ ಬಗ್ಗೆ ಎರಡು ರೀತಿ ಹೇಳುತ್ತಾರೆ. ನಾನು ಅದನ್ನು ಗೆಟ್ ಬ್ಯಾಕ್ ಮಾಡಬಹುದು, ಇಲ್ಲವೇ ಅದು ತಾನಾಗಿ ಕಮ್ ಬ್ಯಾಕ್ ಆಗಬಹುದು. ಮೊದಲನೆಯದರಲ್ಲಿ ನಾನು ದುಡಿಯಬೇಕು, ಎರಡನೆಯದರಲ್ಲಿ ಕಾಯಬೇಕು. ಹದಿನೆಂಟು ವರ್ಷ ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಅರ್ಥ ಒಂದೇ ಎಂದು ಹೇಳಿಕೊಟ್ಟಿದ್ದೆ. ಈಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅದೇ ಯೋಚನೆ. ನಾನು ಸರಿಯಾಗಿ ದುಡಿಯುತ್ತಿದ್ದೇನೆಯೇ? ಅಥವಾ ಅದು ಬರುವುದಿಲ್ಲ ಎಂದು ಆಗಲೇ ತೀರ್ಮಾನ ಮಾಡಿಬಿಟ್ಟಿದೆಯೇ? ನುಂಗುವಾಗ ಕಡ್ಡಿ ಚುಚ್ಚಿದಂತಾಗುತ್ತಿತ್ತು. ದಿನಕ್ಕೆ ಹತ್ತು ಸಲ ಬಚ್ಚಲಿನ ಕನ್ನಡಿಯಲ್ಲಿ ಬಾಯಿ ತೆರೆದು ನೋಡಿಕೊಳ್ಳುತ್ತಿದ್ದೆ, ಏನೂ ಕಾಣುವುದಿಲ್ಲ ಎಂದು ಗೊತ್ತಿದ್ದೂ.

ಮೂರು ವಾರ ಮುಗಿಸಿ ಕಲಬುರಗಿಗೆ ಹೋದೆವು. ಪರದೆಯ ಮೇಲೆ ಗಂಟುಗಳು ಇದ್ದಲ್ಲೇ ಇದ್ದವು. ಸುತ್ತಲಿನ ಜಾಗ ಮೊದಲಿಗಿಂತ ಕೆಂಪಾಗಿತ್ತು. ಡಾಕ್ಟರು ಹುಬ್ಬು ಗಂಟಿಕ್ಕಿ, "ಖರೇ ಹೇಳ್ರಿ, ಮಾತಾಡೀರಿಲ್ಲ?" ಎಂದರು. ಇಲ್ಲ ಎಂದು ತಲೆ ಅಲ್ಲಾಡಿಸಿದೆ. "ಪಿಸಪಿಸ?" ಎಂದರು.

ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದೆ: ಹೊರಡುವಾಗ ಮಾತ್ರ, 'ಬರ್ತೀನಿ' ಎಂದಷ್ಟೇ.

"ದಿನಕ್ಕ ಎಷ್ಟ ಸಲ ಹೊರಡ್ತೀರಿ?"

ನಾನು ಬೆರಳು ಮಡಚುತ್ತ ಹೋದೆ. ಅತ್ತೆ, ಪಕ್ಕದ ಮನೆಯಾಕೆ, ಗಂಡ, ಅಂಗನವಾಡಿಯಾಕೆ, ಐದು ತರಗತಿ... ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಯವೂ ಮುಗಿದವು. ಡಾಕ್ಟರು ಪೆನ್ನು ಕೆಳಗಿಟ್ಟರು. ಜೋರಾಗಿ ಪಿಸುಗುಟ್ಟಿದರೆ ಒಣಗಿದ ತಂತುಗಳು ಒಂದಕ್ಕೊಂದು ತಿಕ್ಕುತ್ತವೆ, ನಿಮ್ಮಂಥವರಿಗೆ ಅದು ಮಾತಿಗಿಂತ ಕೆಟ್ಟದ್ದು ಎಂದು ವಿವರಿಸಿದರು. ಗಂಟಲಿಗೆ ಏನೇನು ತೊಂದರೆ ಮಾಡಿಕೊಂಡು ಬರುವವರನ್ನೆಲ್ಲ ಕಂಡಿದ್ದೇನೆ, ಹೋಗಿ ಬರ್ತೀನಿ ಎಂದು ಹೇಳಿ ಹೇಳಿ ಹಾಳುಮಾಡಿಕೊಂಡವರನ್ನು ಇದೇ ಮೊದಲು ಕಂಡೆ ಎಂದರು. ಇನ್ನು ಎರಡು ವಾರ ಕೊಟ್ಟರು. ಆಮೇಲೂ ಇಳಿಯದಿದ್ದರೆ ಆಪರೇಷನ್ನಿಗೆ ತಾರೀಖು ಕೊಡುವುದಾಗಿ ಹೇಳಿದರು.

ಬಸ್ಸಿನಲ್ಲಿ ನನಗೆ ಬಂದ ಸಿಟ್ಟು ಒದರಿದ್ದರೆ ಅರ್ಧ ಗಂಟೆಯಲ್ಲಿ ಇಳಿಯುತ್ತಿತ್ತು. ಒದರುವಂತಿರಲಿಲ್ಲವಾದ್ದರಿಂದ ಹುಮನಾಬಾದಿನವರೆಗೂ ಕುದಿಯಿತು. ನನ್ನ ಬುದ್ಧಿವಂತಿಕೆಯ ಪಾಲನ್ನು ಮರೆತು ಎಲ್ಲವನ್ನೂ ಅತ್ತೆಯ ತಲೆಗೆ ಕಟ್ಟಿದೆ. ಮನೆಗೆ ಬಂದವಳೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ನೋಟ್‌ಬುಕ್ಕಿನ ಇಡೀ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದೆ: 'ನಿಮ್ಮ ಸಲುವಾಗಿ ನನ್ನ ಧ್ವನಿ ಹೋಗಾಕತ್ತದ.' ಅತ್ತೆಯ ಮುಂದೆ ಹಿಡಿದೆ.

ಅವರು ನಾಲ್ಕನೇ ಇಯತ್ತೆಯವರೆಗೆ ಓದಿದವರು. ಕನ್ನಡಕ ಹುಡುಕಿ ಹಾಕಿಕೊಂಡರು. ಅಕ್ಷರಕ್ಕೊಂದು ಬೆರಳಿಡುತ್ತ ಬಾಯಿಬಿಟ್ಟು ಓದಿದರು. "ನಿ-ಮ್ಮ. ಸ-ಲು-ವಾ-ಗಿ." ಕೊನೆಯ ಪದ ಮುಟ್ಟುವಷ್ಟರಲ್ಲಿ ನನ್ನ ಸಿಟ್ಟೆಲ್ಲ ಇಳಿದು, ಆ ಹಾಳೆಯನ್ನು ಕಿತ್ತುಕೊಂಡು ಬಿಡಬೇಕೆನಿಸಿತು. ತಡವಾಗಿತ್ತು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಮೊದಲಿನಿಂದ ಓದಿದರು.

ಸ್ವಲ್ಪ ಹೊತ್ತಿನ ಮೇಲೆ ನಾನು ಕೆಳಗೆ ಇನ್ನೊಂದು ಸಾಲು ಬರೆದೆ. ಹಿಂದೆ ಯಾರಾದರೂ ಹೇಳದೆ ಹೋಗಿ ವಾಪಸ್ ಬರಲಿಲ್ಲವೇ, ಅದಕ್ಕೇ ಈ ಹೆದರಿಕೆಯೇ ಎಂದು ಕೇಳಿದೆ. ಇಷ್ಟು ವರ್ಷ ನನಗೆ ಆ ಅನುಮಾನವಿತ್ತು. ಮಾವನದೋ, ಅವರ ಅಣ್ಣನದೋ ಏನೋ ಒಂದು ಕಥೆ ಇರಬೇಕು, ಯಾರೂ ನನಗೆ ಹೇಳಿಲ್ಲ ಎಂದುಕೊಂಡಿದ್ದೆ.

"ಅಂಥಾದ್ದು ಏನೂ ಆಗಿಲ್ಲವ್ವಾ" ಎಂದರು ಅತ್ತೆ. "ಎಲ್ಲಾರೂ ಹೇಳೇ ಹೋಗ್ಯಾರ, ಎಲ್ಲಾರೂ ಬಂದಾರ. ಹೇಳ್ಯಾರಂತೇ ಬಂದಾರ."

ನಾನು ನೋಟ್‌ಬುಕ್ಕು ಮುಚ್ಚಿದೆ.

ಮರುದಿನ ಬೆಳಿಗ್ಗೆ ಅತ್ತೆ ಹೊಸ್ತಿಲಿಗೆ ಬರಲಿಲ್ಲ. ಒಲೆಯ ಕಡೆ ಮುಖ ಮಾಡಿ ಕೂತಿದ್ದರು. ಗಂಡನೂ ಅಂಗಡಿಗೆ ಹೋಗಿಯಾಗಿತ್ತು. ನಾನು ಏನೂ ಅನ್ನದೆ ಹೊರಟೆ. ನಳದ ಹತ್ತಿರ ಪಕ್ಕದ ಮನೆಯಾಕೆಗೆ ಗಂಟಲು ಮುಟ್ಟಿ ತೋರಿಸಿದೆ, ಅವಳು ತಲೆಯಾಡಿಸಿದಳು. ಇಷ್ಟು ಸುಲಭವಿತ್ತೇ ಎನಿಸಿತು. ಬಸ್ಸು ಹೆದ್ದಾರಿಗೆ ಬಿದ್ದ ಮೇಲೆ ಸುಲಭ ಅನಿಸುವುದು ನಿಂತಿತು. ಡ್ರೈವರ್ ಲಾರಿಯೊಂದನ್ನು ಹಿಂದೆ ಹಾಕಿದಾಗ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಸಸ್ತಾಪುರ ಬಂಗ್ಲಾದ ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡೆ. ಹದಿನೆಂಟು ವರ್ಷದಲ್ಲಿ ಆ ತಿರುವನ್ನು ನಾನು ನಿದ್ದೆಯಲ್ಲಿ ದಾಟಿದವಳು. ಅತ್ತೆಯ ಹುಚ್ಚು ಎಂದು ಬೇರೆಯವರ ಮುಂದೆ ಆಡಿಕೊಂಡವಳ ಜೀವವೇ ಈಗ ಡವಡವ ಅನ್ನುತ್ತಿತ್ತು.

ಅದೇ ದಿನ ಸಂಜೆಯೇ ಆಗಬೇಕೆ? ರಾಜೇಶ್ವರದ ಹತ್ತಿರ ಕಬ್ಬಿನ ಟ್ರ್ಯಾಕ್ಟರಿನ ಹಿಂದಿನ ಟ್ರಾಲಿ ರಸ್ತೆಗೆ ಅಡ್ಡ ಮಗುಚಿಕೊಂಡಿತ್ತು. ಯಾರಿಗೂ ಏನೂ ಆಗಿರಲಿಲ್ಲ, ಕಬ್ಬು ಮಾತ್ರ ರಸ್ತೆ ತುಂಬ ಹರಡಿತ್ತು. ಹಳ್ಳಿಖೇಡದ ಸಕ್ಕರೆ ಕಾರ್ಖಾನೆ ನುರಿಸಲು ಶುರುಮಾಡಿದ ಮೇಲೆ ಇಂಥದ್ದು ನಮಗೆ ಹೊಸತಲ್ಲ. ಬಸ್ಸಿನವರೆಲ್ಲ ಇಳಿದು ಒಂದೊಂದು ಗಣಿಕೆ ಮುರಿದುಕೊಂಡು ತಿನ್ನುತ್ತ ನಿಂತರು. ನನ್ನ ಫೋನಿನ ಚಾರ್ಜು ಮಧ್ಯಾಹ್ನವೇ ಮುಗಿದಿತ್ತು. ಬೇರೆಯವರ ಫೋನು ಕೇಳಿ ಪಡೆಯಬಹುದಿತ್ತು, ಆದರೆ ಮಾತಾಡಲಾಗದವಳು ಫೋನು ಹಿಡಿದು ಏನು ಮಾಡಲಿ? ಕಡೆಗೆ ಒಬ್ಬ ಹೆಂಗಸಿಗೆ ನೋಟ್‌ಬುಕ್ಕಿನಲ್ಲಿ ಗಂಡನ ನಂಬರು ಬರೆದು ತೋರಿಸಿದೆ. ಆಕೆ ಎರಡು ಸಲ ಹಚ್ಚಿದಳು, ಅಂಗಡಿಯ ಗಡಿಬಿಡಿಯಲ್ಲಿ ಅವರು ಎತ್ತಲಿಲ್ಲ. ದಾರಿ ತೆರವಾಗಲು ಎರಡು ತಾಸು ಹಿಡಿಯಿತು. ಅಷ್ಟೂ ಹೊತ್ತು ನನಗೆ ರಸ್ತೆಯ ಚಿಂತೆ ಇರಲಿಲ್ಲ, ಹೊಸ್ತಿಲ ಚಿಂತೆ ಇತ್ತು.

ನಮ್ಮ ಬೀದಿಗೆ ತಿರುಗಿದಾಗ ಪೂರ್ತಿ ಕತ್ತಲಾಗಿತ್ತು. ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. ಹೊಸ್ತಿಲ ಮೇಲೆ ಕೂರಬಾರದು ಎನ್ನುವುದೂ ಅವರದೇ ಕಾಯಿದೆ. ನನ್ನನ್ನು ಕಂಡು ಏಳಲು ಹೋದರು, ಕಾಲು ಜೋಮು ಹಿಡಿದು ಏಳಲಾಗಲಿಲ್ಲ. ನಾನು ಕೈ ಕೊಟ್ಟು ಎಬ್ಬಿಸಿದೆ. ಅವರ ಅಂಗೈ ಬೆವೆತಿತ್ತು.

"ಬಂದ್ಯಾ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ರೊಟ್ಟಿ ಬಿಸಿ ಮಾಡಿದರು, ನಾನು ತಿಂದು ಮುಗಿಸುವವರೆಗೂ ಎದುರಿಗೇ ಕೂತಿದ್ದರು.

ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಅತ್ತೆ ಬಾಗಿಲಿಗೆ ಬಂದು ನಿಂತರು. ಸೆರಗು ಸರಿಮಾಡಿಕೊಂಡರು. ಗೋಡೆಯ ಕಡೆ ನೋಡುತ್ತ, ಸ್ವಲ್ಪ ನಾಚಿಕೆಯಿಂದ, ಸಣ್ಣ ಧ್ವನಿ ತೆಗೆದು ಅಂದರು: "ಹೋಗಿ ಬರ್ತೀನ್ರಿ ಅತ್ತಿ." ಆಮೇಲೆ ನನ್ನ ಕಡೆ ತಿರುಗಿ ತಮ್ಮದೇ ಧ್ವನಿಯಲ್ಲಿ, "ಹೋಗಿ ಬಾ."

ನನಗೆ ನಗು ಬಂತು, ನಕ್ಕರೂ ಗಂಟಲಿಗೆ ಕೆಟ್ಟದ್ದೆಂದು ತಡೆದೆ. ಕಣ್ಣಲ್ಲಿ ನೀರು ಬಂತು, ಅದಕ್ಕೆ ಡಾಕ್ಟರು ಬೇಡ ಅಂದಿರಲಿಲ್ಲ. ಅಂದಿನಿಂದ ಎರಡು ವಾರ ದಿನಾ ಹೀಗೇ ನಡೆಯಿತು. ದಿನ ಕಳೆದಂತೆ ನಾಚಿಕೆ ಹೋಗಿ, ನನ್ನ ಪಾತ್ರಕ್ಕೆ ಒಂದಿಷ್ಟು ಗತ್ತೂ ಸೇರಿತು. ಅವರ ಲೆಕ್ಕದಲ್ಲಿ ನಾನು ಹಾಗೆ ಮಾತಾಡುತ್ತೇನೆಂದು ಕಾಣುತ್ತದೆ.

ಮೂರನೇ ಸಲ ಕಲಬುರಗಿಗೆ ಹೋಗುವ ಹಿಂದಿನ ದಿನ ಶಾಲೆಯಲ್ಲಿ ಮಕ್ಕಳು ಚೀಟಿಗಳ ಒಂದು ಕಟ್ಟು ಕೊಟ್ಟರು. 'ರಿಟರ್ನ್' ಬಳಸಿ ಒಂದೊಂದು ವಾಕ್ಯ ಬರೆಯಲು ನಾನೇ ಹೇಳಿದ್ದೆ. ಅರ್ಧಕ್ಕರ್ಧ ಚೀಟಿಗಳಲ್ಲಿ ಒಂದೇ ವಾಕ್ಯ: 'ಟೀಚರ್ಸ್ ವಾಯ್ಸ್ ವಿಲ್ ರಿಟರ್ನ್ ಟು ಸ್ಕೂಲ್.' ಒಬ್ಬರು 'ವಿಲ್ ರಿಟರ್ನ್ ಬ್ಯಾಕ್' ಎಂದು ಬರೆದಿದ್ದರು. ಕೆಂಪು ಪೆನ್ನು ಎತ್ತಿದೆ. ಆ ಒಂದು ಚೀಟಿಯನ್ನು ತಿದ್ದದೆ ಕಟ್ಟಿನೊಳಗೆ ಸೇರಿಸಿದೆ. ಎರಡು ಸಲ ಬಂದರೂ ಬರಲಿ ಎನಿಸಿತ್ತು. ಹೆಡ್‌ಮಾಸ್ಟರು ಕೊಟ್ಟ ಗಡುವಿಗೆ ನಾಲ್ಕೇ ದಿನ ಉಳಿದಿದ್ದವು. ಡಾಕ್ಟರು ಆಪರೇಷನ್ ಬೇಕೆಂದರೆ ಅರ್ಜಿಗೆ ಸಹಿ ಹಾಕಿಬಿಡುತ್ತೇನೆ ಎಂದು ಗಂಡನಿಗೂ ಬರೆದು ತೋರಿಸಿದ್ದೆ.

ದವಾಖಾನೆಯಲ್ಲಿ ನನ್ನ ಸರದಿ ಬರುವವರೆಗೆ ಗಂಡನ ಅಂಗಿಯ ತೋಳನ್ನು ಹಿಂಡುತ್ತ ಕೂತಿದ್ದೆ. ಅದು ಮುದ್ದೆಯಾಯಿತು. ಡಾಕ್ಟರು ನಳಿಕೆ ಇಳಿಸಿದರು. ಪರದೆಯನ್ನು ನೋಡುತ್ತಲೇ ಇದ್ದರು. ಈ ಡಾಕ್ಟರುಗಳು ಮುಖದಲ್ಲಿ ಏನನ್ನೂ ತೋರಿಸದಿರಲು ಎಲ್ಲಿ ಕಲಿಯುತ್ತಾರೋ.

"ಒಂದು ಹೋಗ್ಯಾದ. ಇನ್ನೊಂದು ಅರ್ಧ ಇಳದದ" ಎಂದರು. "ಈಗ 'ಆ' ಅನ್ರಿ. ಮೆಲ್ಲಕ."

'ಆ' ಅಂದೆ. ಒಂದು ಶಬ್ದ ಬಂತು. ದಪ್ಪ, ತಗ್ಗು, ಸ್ವಲ್ಪ ಒಡೆದದ್ದು. ಯಾರೋ ಪಕ್ಕದ ಕೋಣೆಯಲ್ಲಿ ಮಾತಾಡಿದಂತಿತ್ತು. ಸದ್ಯಕ್ಕೆ ಆಪರೇಷನ್ ಬೇಡ ಎಂದರು. ದಿನಕ್ಕೆ ಹತ್ತು ನಿಮಿಷ ಮೆಲ್ಲಗೆ ಮಾತು, ವಾರಕ್ಕೆ ಐದೈದು ನಿಮಿಷ ಏರಿಸಬಹುದು, ತರಗತಿಯಲ್ಲಿ ಕತ್ತಿಗೆ ಹಾಕಿಕೊಳ್ಳುವ ಮೈಕು, ಒದರುವುದು ಜನ್ಮದಲ್ಲೇ ಬೇಡ. ಹಳೆಯ ಧ್ವನಿ ಬರುತ್ತದೆಯೇ ಎಂದು ಬರೆದು ಕೇಳಿದೆ. "ಬಂದದ್ದು ಇದ. ಇದನ್ನೇ ಜ್ವಾಪಾನ ಮಾಡ್ರಿ" ಎಂದರು.

ಹೊರಗೆ ಬಂದ ಕೂಡಲೇ ಗಂಡ, "ಏನಾರ ಮಾತಾಡು" ಎಂದು ದುಂಬಾಲು ಬಿದ್ದರು. ನಾನು ಬಾಯಿ ಬಿಗಿಹಿಡಿದೆ. ಮೊದಲ ಮಾತು ಯಾರದೆಂದು ಆಗಲೇ ಗೊತ್ತುಮಾಡಿಕೊಂಡಿದ್ದೆ. ಮಧ್ಯಾಹ್ನ ಮನೆ ಮುಟ್ಟಿದಾಗಲೇ ಆಡಬಹುದಿತ್ತು, ಆದರೆ ಮನೆಗೆ ಬರುವವರು ನಮ್ಮಲ್ಲಿ ಏನೂ ಹೇಳಬೇಕಿಲ್ಲ. ಹೇಳಬೇಕಾದದ್ದು ಹೊರಡುವವರು. ಇದರ ಜೊತೆಗೆ ಹೆದರಿಕೆಯೂ ಇತ್ತು. ಬಳಸಿದರೆ ಎಲ್ಲಿ ಮುರಿದುಹೋಗುತ್ತದೋ ಎಂದು ಆ ಧ್ವನಿಯನ್ನು ಅರ್ಧ ದಿನ ಹಾಗೇ ಕಾಪಿಟ್ಟೆ. ಅರ್ಜಿ ಬ್ಯಾಗಿನಲ್ಲೇ ಇತ್ತು. ಮೈಕು ಹಾಕಿಕೊಂಡರೂ ಇಷ್ಟು ತಗ್ಗಿನ ಧ್ವನಿ ಹಿಂದಿನ ಬೆಂಚಿಗೆ ಮುಟ್ಟೀತೇ ಎಂಬುದು ನನಗೇ ಗೊತ್ತಿರಲಿಲ್ಲ.

ಬೆಳಿಗ್ಗೆ ಚಪ್ಪಲಿ ಹಾಕಿಕೊಂಡು ಹೊಸ್ತಿಲಲ್ಲಿ ನಿಂತೆ. ಅತ್ತೆ ಎರಡು ಹೆಜ್ಜೆ ಹಿಂದೆ ಇದ್ದರು. ನಾನು ಉಸಿರು ತೆಗೆದುಕೊಂಡು, ಐದು ವಾರದ ಮೇಲೆ, ನನ್ನ ಗಂಟಲಿನಿಂದಲೇ ಅಂದೆ:

"ಹೋಗಿ ಬರ್ತೀನ್ರಿ ಅತ್ತಿ."

ಅವರಿಗೆ ಕೇಳಿಸಲಿಲ್ಲ. ಎಂದಿನಂತೆ ಗೋಡೆಯ ಕಡೆ ನೋಡುತ್ತ, ನನ್ನ ಮಾತಿನ ಮೇಲೆಯೇ ತಮ್ಮ ಸಣ್ಣ ಧ್ವನಿ ತೆಗೆದು "ಹೋಗಿ ಬರ್ತೀನ್ರಿ ಅತ್ತಿ" ಎಂದರು. ತಿರುಗಿ "ಹೋಗಿ ಬಾ" ಎಂದರು.

ಎರಡು ಹೆಜ್ಜೆಗೆ ಮುಟ್ಟದ ಧ್ವನಿ. ಏರಿಸಿ ಹೇಳುವಂತಿಲ್ಲ. ಹೇಳದೆ ಹೋಗಲು ಮನಸ್ಸು ಒಪ್ಪಲಿಲ್ಲ. ನಾನು ಒಳಗೆ ಹೆಜ್ಜೆಯಿಟ್ಟು ಅವರ ಕೈ ಹಿಡಿದೆ. ಹಿಟ್ಟು ಮೆತ್ತಿದ ಅಂಗೈಯನ್ನು ನನ್ನ ಗಂಟಲಿನ ಮೇಲೆ ಒತ್ತಿಟ್ಟುಕೊಂಡೆ. ಮೆಲ್ಲಗೆ ಅದನ್ನೇ ಮತ್ತೊಮ್ಮೆ ಅಂದೆ.

ಅವರ ಬೆರಳುಗಳು ನಿಂತಲ್ಲೇ ನಿಂತವು. ಕಣ್ಣು ನನ್ನ ಬಾಯಿಯ ಮೇಲಿತ್ತು.

"ಬಂತು" ಎಂದರು. "ನಡಗಾಕತ್ತದ. ಬಂತಲ್ಲವ್ವಾ ವಾಪಸ್!"

ಆಮೇಲೆ ರೂಢಿಯಂತೆ ನನ್ನ ಪಾಲಿನ ಮಾತು ಹೇಳಲು ಬಾಯಿ ತೆರೆದರು. "ಹೋಗಿ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಕೈಯನ್ನು ಗಂಟಲಿನಿಂದ ತೆಗೆಯದೆ, ನಮ್ಮ ತರಗತಿಯ ಮಕ್ಕಳು ಕಾಯುವ ಹಾಗೆಯೇ, ಬಾಯಿ ತೆರೆದುಕೊಂಡು ಕಾದರು. ನಾನು ಮೂರನೇ ಸಲ ಹೇಳಿದೆ. ಅವರು "ಹೋಗಿ ಬಾ" ಎಂದರು, ಆದರೆ ಕೈ ಮಾತ್ರ ಬಿಡಲಿಲ್ಲ.

ಎಂಟರ ಬಸ್ಸು ತಪ್ಪಿತು. ಗಂಟಲಿನ ಮೇಲೆ ಒಣಗಿದ ಹಿಟ್ಟಿನ ಗುರುತಿನೊಂದಿಗೇ ಮುಂದಿನ ಬಸ್ಸು ಹಿಡಿದು ತಡವಾಗಿ ಶಾಲೆ ಸೇರಿದೆ. ಆ ದಿನದ ಹತ್ತು ನಿಮಿಷದಲ್ಲಿ ಉಳಿದ ಮಾತನ್ನು ಹತ್ತನೇ ತರಗತಿಗೆಂದು ಉಳಿಸಿಕೊಂಡಿದ್ದೆ. ಸಹಿ ಮಾಡದ ಅರ್ಜಿಯನ್ನು ಹೆಡ್‌ಮಾಸ್ಟರ ಮೇಜಿನ ಮೇಲೆ ವಾಪಸ್ ಇಡಲು ಮಾತು ಬೇಕಾಗಲಿಲ್ಲ.